ಕಿಲೋಮೀಟರ್ ಬರೆದಿರಿ, ಬಾಡಿಯ ಎತ್ತರ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಎಲೆಕ್ಟ್ರಿಕ್ ಗೂಡ್ಸ್ ಗಾಡಿಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೂರ್ತಿ ಓದಿದೆ. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬೆಲೆ ಎಷ್ಟು, ಕಂತು ಎಷ್ಟು, ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ, ಎಲ್ಲ ಇತ್ತು. ಡ್ರೈವರ್ ಮುಂದಿನ ಸ್ಕ್ರೀನ್ ಎಷ್ಟು ಇಂಚು ಅನ್ನುವುದೂ ಇತ್ತು. ಸಾಮಾನು ಹೇರುವ ಹಿಂಬದಿಯ ಬಗ್ಗೆ ಮಾತ್ರ ಇದ್ದದ್ದು ಒಂದೇ ಒಂದು ಪದ, 'ವಿಶಾಲವಾಗಿದೆ'. ಗೂಡ್ಸ್ ಗಾಡಿ ತಗೊಳ್ಳುವುದೇ ಆ ಹಿಂಬದಿಗಾಗಿ ಅಲ್ವಾ ಸ್ವಾಮಿ? ಹಸು ಕೊಳ್ಳಲು ಹೋಗಿ ಕೊಂಬು ಅಳೆದು, ಕೆಚ್ಚಲು ನೋಡದೆ ಬಂದ ಹಾಗಾಯಿತು.

ನಾನು ತುಮಕೂರಿನಲ್ಲಿ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವವನು. ಇಪ್ಪತ್ತೆರಡು ವರ್ಷ ಆಯಿತು ಈ ಅಂಗಡಿ ಇಟ್ಟು. ಕೊಪ್ಪರಿಗೆ, ಕೊಳಗ, ಬಾಂಡ್ಲಿ, ಗ್ಯಾಸ್ ಒಲೆ, ಗ್ರೈಂಡರ್, ಕುರ್ಚಿ, ಟೇಬಲ್, ಜಮಖಾನ, ಕಬ್ಬಿಣದ ಪೈಪು, ಇವೇ ನನ್ನ ಸಂಸಾರ. ಇವನ್ನೆಲ್ಲ ಅಂಗಡಿಯಲ್ಲಿ ಹೇರಿ, ಛತ್ರದಲ್ಲಿ ಇಳಿಸಿ, ಮಾರನೇ ದಿನ ಮತ್ತೆ ಅಲ್ಲಿ ಹೇರಿ, ತಂದು ಅಂಗಡಿಯಲ್ಲಿ ಇಳಿಸಬೇಕು. ಅಂದರೆ ಒಂದು ಮದುವೆಗೆ ಒಂದೊಂದು ಪಾತ್ರೆಯೂ ಎರಡು ಸಲ ಗಾಡಿ ಹತ್ತುತ್ತದೆ, ಎರಡು ಸಲ ಇಳಿಯುತ್ತದೆ. ಗಾಡಿ ಓಡುವುದು ದಿನಕ್ಕೆ ಮೂವತ್ತೋ ನಲವತ್ತೋ ಕಿಲೋಮೀಟರ್. ಹಾಗಾಗಿ ಒಂದು ಚಾರ್ಜಿಗೆ ನೂರೈವತ್ತು ಓಡಿದರೂ ಒಂದೇ, ನೂರು ಓಡಿದರೂ ಒಂದೇ. ನನಗಿರುವ ಚಿಂತೆ ಸೊಂಟದ್ದು.

ಎರಡು ವರ್ಷದ ಹಿಂದೆ ಒಂದು ನಾಲ್ಕು ಚಕ್ರದ ಎಲೆಕ್ಟ್ರಿಕ್ ಗಾಡಿ ತಗೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ದೂರುವುದಕ್ಕೆ ಬರೆಯುತ್ತಿಲ್ಲ. ಓಡಾಟಕ್ಕೆ ಗಾಡಿ ಚೆನ್ನಾಗಿಯೇ ಇದೆ. ಡೀಸೆಲ್ ಖರ್ಚು ಹೋಯಿತು, ಬೆಳಗಿನ ಜಾವ ನಾಲ್ಕು ಗಂಟೆಗೆ ಗಾಡಿ ತೆಗೆದರೆ ಬೀದಿಯವರು ಬೈಯುವುದೂ ನಿಂತಿತು. ನಿಂತಿತು ಅಂದೆನಲ್ಲ, ಪೂರ್ತಿ ನಿಂತಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ತಕರಾರು ಶುರುವಾಗಿದ್ದು ಮೊದಲ ಲೋಡಿನ ದಿನ. ನಮ್ಮ ಹುಡುಗರು ಎರಡು ಟ್ರಿಪ್ ಹೇರುವಷ್ಟರಲ್ಲಿ ಸುಸ್ತಾಗಿ ಕೂತರು. ಇದೇ ಹುಡುಗರು ಹಳೆಯ ಮೂರು ಚಕ್ರದ ಗೂಡ್ಸ್ ಆಟೋಗೆ ನಾಲ್ಕು ಟ್ರಿಪ್ ಹೇರಿ ಮೇಲೆ ಹರಟೆ ಹೊಡೆಯುತ್ತಿದ್ದವರು. ಏನಾಯಿತು ಅಂತ ಟೇಪ್ ಹಿಡಿದು ಅಳೆದೆ. ಹಳೆಯ ಆಟೋದ ಹಲಗೆ, ಅಂದರೆ ಸಾಮಾನು ಇಡುವ ತಳ, ನೆಲದಿಂದ 66 ಸೆಂ.ಮೀ. ಹೊಸ ಗಾಡಿಯದು 81. ಹದಿನೈದೇ ಸೆಂ.ಮೀ. ವ್ಯತ್ಯಾಸ, ಮುಕ್ಕಾಲು ಗೇಣೂ ಇಲ್ಲ. ಇಷ್ಟಕ್ಕೇ ಇಷ್ಟು ಸುಸ್ತಾ ಅನ್ನಿಸಬಹುದು. ನೀವೇ ಒಂದು ಸಲ ಮಾಡಿ ನೋಡಿ. ಕೈ ಇಳಿಬಿಟ್ಟು ನೆಟ್ಟಗೆ ನಿಂತರೆ ನನ್ನ ಮುಷ್ಟಿ ನೆಲದಿಂದ ಸುಮಾರು 70 ಸೆಂ.ಮೀ.ಗೆ ಬರುತ್ತದೆ. ಅಲ್ಲಿಯವರೆಗೆ ಭಾರ ಎತ್ತುವುದು ಕಾಲು. ಕೂತು ಹಿಡಿದು ಎದ್ದರೆ ಸಾಕು, ಕೈ ಬರೀ ಕೊಕ್ಕೆಯ ಹಾಗೆ. 70 ದಾಟಿತೋ, ಅಲ್ಲಿಂದ ಮೇಲಿನ ಒಂದೊಂದು ಸೆಂ.ಮೀ.ಯನ್ನೂ ತೋಳು ಮತ್ತು ಸೊಂಟ ಎತ್ತಬೇಕು. ತುಂಬಿದ 19 ಕೆ.ಜಿ. ಗ್ಯಾಸ್ ಸಿಲಿಂಡರ್ ಅಂದರೆ ಹತ್ತೊಂಬತ್ತೇ ಕೆ.ಜಿ. ಅಲ್ಲ, ಉಕ್ಕಿನ ತೂಕ ಸೇರಿ ಮೂವತ್ತೈದರ ಮೇಲೆ. ಅದನ್ನು ಎದೆಗೆ ಒತ್ತಿಕೊಂಡು, ಮೊಣಕಾಲಿನಿಂದ ಒಂದು ಏಟು ಕೊಟ್ಟು, ಹಲಗೆಯ ಅಂಚಿಗೆ ತಗುಲಿಸಿ ಒಳಗೆ ಉರುಳಿಸುತ್ತಾರೆ. ಗ್ರೈಂಡರಿಗೆ ಇಬ್ಬರು ಬೇಕು. ನಲವತ್ತು ದಾಟಿದವನು ಒಂದು ಸೀಸನ್ ಈ ಕೆಲಸ ಮಾಡಿದರೆ ಮುಂದಿನ ಸೀಸನ್ನಿಗೆ ಬೆಲ್ಟ್ ಕಟ್ಟಿಕೊಂಡೇ ಬರುತ್ತಾನೆ.

ಇದನ್ನು ಶೋರೂಮಿನ ಹುಡುಗನಿಗೆ ಹೇಳಿದೆ. ಅವನು, "ಸಾರ್, ಕೆಳಗಡೆ ಬ್ಯಾಟರಿ ಇರುತ್ತಲ್ಲ, ಅದಕ್ಕೆ ಸ್ವಲ್ಪ ಹೈಟ್. ಹೇಗೂ ನಿಮ್ಮತ್ರ ಎತ್ತೋಕೆ ಹುಡುಗರು ಇರ್ತಾರಲ್ಲ" ಅಂದ. ಬ್ಯಾಟರಿ ವಿಷಯ ನಿಜ. ನಮ್ಮ ಸಣ್ಣ ಗಾಡಿಗಳಲ್ಲಿ ಬ್ಯಾಟರಿ ಕೂರುವುದು ಚಾಸಿಯ ನಡುವೆ, ಹಲಗೆಯ ಕೆಳಗೆ. ಅದರ ಕೆಳಗೆ ಮಳೆನೀರಿಗೆ, ರೋಡ್ ಹಂಪಿಗೆ ಜಾಗ ಬಿಡಬೇಕು. ಆದರೆ ಹುಡುಗರು ಇರುತ್ತಾರೆ ಅನ್ನುವ ಮಾತು ಬೇಡ. ಹಮಾಲಿ ಕೆಲಸಕ್ಕೆ ಈಗ ಯಾರು ಸಿಗುತ್ತಾರೆ? ಸಿಕ್ಕವರ ಬೆನ್ನೇನು ಬಾಡಿಗೆಗೆ ಬಂದದ್ದಾ?

ಜಪಾನಿನವರು ಈ ವಿಷಯದಲ್ಲಿ ಜಾಣರು. ಅಲ್ಲಿ ಕೇ ಟ್ರಕ್ ಅಂತ ಪುಟ್ಟ ಗಾಡಿಗಳಿವೆ. ಉದ್ದ 3.4 ಮೀಟರ್ ದಾಟುವಂತಿಲ್ಲ, ಹೊರೆ 350 ಕೆ.ಜಿ. ಮಾತ್ರ. ಹೊಲ, ಮೀನು ಮಾರ್ಕೆಟ್ಟು, ಗಾರೆ ಕೆಲಸ, ಎಲ್ಲದಕ್ಕೂ ಅದೇ. ಅದರ ಹಲಗೆ ನೆಲದಿಂದ ಸುಮಾರು 65 ಸೆಂ.ಮೀ. ಎತ್ತರಕ್ಕೆ ಇರುತ್ತದೆ, ಮತ್ತು ಆ ಅಳತೆಯನ್ನು ಕಂಪನಿಯವರು ಉದ್ದ ಅಗಲದ ಜೊತೆಗೇ ಅಚ್ಚು ಹಾಕಿಸುತ್ತಾರೆ. ಬಾಡಿಯ ಮೂರೂ ಕಡೆಯ ಗೋಡೆ, ನಾವು ಡೋರ್ ಅನ್ನುತ್ತೇವಲ್ಲ ಅದು, ಕೆಳಗೆ ಇಳಿಯುತ್ತದೆ. ನಮ್ಮ ಬ್ರೋಷರ್‌ಗಳಲ್ಲಿ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಅಡಿಗೂ ನೆಲಕ್ಕೂ ಇರುವ ಅಂತರ, ಸಿಗುತ್ತದೆ, ಬಾಡಿಯ ಉದ್ದ ಅಗಲ ಸಿಗುತ್ತದೆ. ನಾನು ತಂದಿಟ್ಟುಕೊಂಡ ನಾಲ್ಕು ಬ್ರೋಷರ್‌ಗಳಲ್ಲಿ ಒಂದರಲ್ಲೂ ಹಲಗೆಯ ಎತ್ತರ ಇಲ್ಲ. ಅದಕ್ಕೇ ನಿಮ್ಮ ಲೇಖನದಲ್ಲೂ ಇಲ್ಲ, ಗೊತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡೀಸೆಲ್ ಗಾಡಿ ಇದ್ದಾಗ ಕಂಪನಿ ಹೇಗೆ ಕೊಟ್ಟರೂ ನಮಗೆ ತಲೆನೋವಿರಲಿಲ್ಲ. 2005ರಲ್ಲಿ ಟಾಟಾ ಏಸ್ ಬಂದಾಗ, ಜನ ಛೋಟಾ ಹಾಥಿ ಅಂತ ಕರೆದರಲ್ಲ, ಆಗ ನೋಡಬೇಕಿತ್ತು. ಗಾಡಿ ಶೋರೂಮಿನಿಂದ ನೇರ ಮನೆಗೆ ಬರುತ್ತಿರಲಿಲ್ಲ, ವೆಲ್ಡಿಂಗ್ ಶಾಪಿಗೆ ಹೋಗಿಯೇ ಮನೆಗೆ ಬರುತ್ತಿತ್ತು. ಹಾಲಿನವನು ಕ್ಯಾನ್ ಕೂರಲು ಕಂಬಿ ಹಾಕಿಸುತ್ತಿದ್ದ. ಕೋಳಿಯವನು ಪಂಜರ ಮಾಡಿಸುತ್ತಿದ್ದ. ಗ್ಲಾಸ್ ಅಂಗಡಿಯವನು ಓರೆಯಾಗಿ ಒಂದು ಚೌಕಟ್ಟು ನಿಲ್ಲಿಸುತ್ತಿದ್ದ. ನಾನು ಹಗ್ಗ ಕಟ್ಟಲು ಹದಿನಾರು ಕೊಂಡಿ, ಹಿಂದೆ ಹತ್ತಲು ಒಂದು ಮೆಟ್ಟಿಲು, ಕ್ಯಾಬಿನ್ ಮೇಲೆ ಪೈಪ್ ಇಡಲು ಒಂದು ಸ್ಟ್ಯಾಂಡ್ ಮಾಡಿಸಿಕೊಂಡಿದ್ದೆ. ಕಂಪನಿ ಅರ್ಧ ಗಾಡಿ ಮಾಡುತ್ತಿತ್ತು, ಉಳಿದರ್ಧ ನಮ್ಮೂರ ವೆಲ್ಡರ್ ಮಾಡುತ್ತಿದ್ದ.

ಎಲೆಕ್ಟ್ರಿಕ್ ಗಾಡಿಯನ್ನು ಅದೇ ವೆಲ್ಡರ್ ಹತ್ತಿರ ತಗೊಂಡು ಹೋದೆ. ಅವನು ಕೆಳಗೆ ಬಗ್ಗಿ ನೋಡಿದ, ದಪ್ಪದ ಕಿತ್ತಳೆ ಬಣ್ಣದ ವೈರು ಕಂಡಿತು, ಎದ್ದು ನಿಂತು ಕೈ ಒರೆಸಿಕೊಂಡ. "ಅಣ್ಣಾ, ಇದನ್ನ ಮುಟ್ಟಲ್ಲ. ಕರೆಂಟ್ ಎಲ್ಲಿ ಹೋಗುತ್ತೋ ಗೊತ್ತಾಗಲ್ಲ" ಅಂದ. ಹೇಳಿದ್ದು ಸರಿಯೇ. ಕಿತ್ತಳೆ ಬಣ್ಣ ಅಂದರೆ ಜಾಸ್ತಿ ವೋಲ್ಟೇಜಿನ ವೈರು ಅಂತ ಗುರುತು. ವೆಲ್ಡಿಂಗ್ ಕರೆಂಟ್ ಗಾಡಿಯ ಕಬ್ಬಿಣದ ಮೂಲಕವೇ ವಾಪಸ್ ಹೋಗಬೇಕು, ದಾರಿಯಲ್ಲಿ ಯಾವುದಾದರೂ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹಲಗೆಗೆ ತೂತು ಕೊರೆಯೋಣ ಅಂದರೆ ಡ್ರಿಲ್ ಬಿಟ್ ಕೆಳಗೆ ಯಾವುದಕ್ಕೆ ತಗಲುತ್ತದೋ ಅನ್ನುವ ಭಯ. ಸರ್ವೀಸ್ ಸೆಂಟರಿನಲ್ಲಿ ಕೇಳಿದೆ. ನಾವೂ ಮಾಡಿಕೊಡುವುದಿಲ್ಲ, ನೀವು ಮಾಡಿಸಿದರೆ ವಾರಂಟಿ ಹೋಗುತ್ತದೆ ಅಂದರು. ಅಂದರೆ ಅರ್ಧ ಗಾಡಿ ಕೊಟ್ಟು, ಉಳಿದರ್ಧ ಮಾಡಿಸಿಕೊಳ್ಳುವ ದಾರಿಯನ್ನೂ ಮುಚ್ಚಿದ ಹಾಗೆ. ಅದಕ್ಕೇ ಹೇಳುವುದು, ಎಲೆಕ್ಟ್ರಿಕ್ ಗಾಡಿಯಲ್ಲಿ ಹಿಂಬದಿ ಹೇಗಿದೆ ಅನ್ನುವುದು ಡೀಸೆಲ್ ಗಾಡಿಗಿಂತ ಜಾಸ್ತಿ ಮುಖ್ಯ. ಫ್ಯಾಕ್ಟರಿಯಲ್ಲಿ ಏನು ಬಂತೋ ಅದೇ ಕೊನೆ.

ನನ್ನ ಗಾಡಿಯಲ್ಲಿ ಫ್ಯಾಕ್ಟರಿಯಿಂದ ಬಂದದ್ದು ಆರು ಕೊಂಡಿ. ಅವೂ ಬಾಡಿಯ ಹೊರಗಡೆ, ಅಂಚಿನ ಕೆಳಗೆ. ಟಾರ್ಪಾಲ್ ಕಟ್ಟಲು ಸರಿ, ಒಳಗೆ ನಿಲ್ಲಿಸಿದ ಸಿಲಿಂಡರ್ ಅಲುಗದಂತೆ ಕಟ್ಟಲು ಅದರಿಂದ ಏನೂ ಉಪಯೋಗ ಇಲ್ಲ. ಹಲಗೆಯ ತಗಡಿನಲ್ಲಿ ಏಣುಗಳು ಅಡ್ಡಕ್ಕೆ ಇವೆ. ಉದ್ದಕ್ಕೆ ಇದ್ದಿದ್ದರೆ ಕೊಪ್ಪರಿಗೆಯನ್ನು ಹಿಂದಿನಿಂದ ಒಂದು ಸಲ ನೂಕಿದರೆ ಜಾರಿಕೊಂಡು ಕ್ಯಾಬಿನ್ ತನಕ ಹೋಗುತ್ತಿತ್ತು. ಅಡ್ಡಕ್ಕೆ ಇರುವುದರಿಂದ ಒಬ್ಬ ಮೇಲೆ ಹತ್ತಿ ನಿಂತು ಎಳೆದುಕೊಳ್ಳಬೇಕು, ಅದೂ ಗಡಗಡ ಸದ್ದು ಮಾಡಿಕೊಂಡು. ನೀರು ಹೋಗಲು ತೂತು ಇವೆ, ಆದರೆ ಕ್ಯಾಬಿನ್ ಕಡೆ. ಅಂಗಡಿ ಮುಂದಿನ ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ವಾಲಿ ನಿಲ್ಲುತ್ತದೆ, ನೀರು ಪೂರ್ತಿ ಹಿಂದಿನ ಡೋರಿನ ಬುಡದಲ್ಲಿ ನಿಲ್ಲುತ್ತದೆ. ಸಾರು ಚೆಲ್ಲಿದ ಪಾತ್ರೆ ತರುವ ಗಾಡಿಯಲ್ಲಿ ಹೀಗೆ ನಿಂತ ನೀರು ಎರಡು ದಿನಕ್ಕೆ ಏನು ವಾಸನೆ ಬರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಆ ಹಿಂದಿನ ಡೋರಿನ ಕಥೆಯೇ ಬೇರೆ. ಎರಡೂ ಕಡೆ ಲಾಕ್, ಎರಡನ್ನೂ ಒಟ್ಟಿಗೆ ಬಿಡಿಸಬೇಕು. ಒಂದು ಕಡೆ ಬಿಡಿಸಿ ಇನ್ನೊಂದು ಕಡೆಗೆ ನಡೆಯುವಷ್ಟರಲ್ಲಿ ಡೋರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಗುದ್ದಿ ಬಿಡಿಸಿದರೆ ಧಡಾರ್ ಅಂತ ಒಂದೇ ಸಲ ಬೀಳುತ್ತದೆ. ಹೋದ ವರ್ಷ ಆಷಾಢ ಮುಗಿದ ಮೇಲೆ ಮೊದಲ ಮದುವೆಯ ದಿನ ನಮ್ಮ ಹುಡುಗನೊಬ್ಬನ ಎಡಗೈ ಉಂಗುರದ ಬೆರಳು ಡೋರಿಗೂ ಬಂಪರಿಗೂ ನಡುವೆ ಸಿಕ್ಕಿತು. ಉಗುರು ಹೋಯಿತು, ನಾಲ್ಕು ಹೊಲಿಗೆ ಬಿತ್ತು. ಬೆರಳು ಉಳಿಯಿತು, ಪುಣ್ಯ. ಆಮೇಲೆ ಹಳೇ ಟ್ಯೂಬನ್ನು ಕತ್ತರಿಸಿ ಬಂಪರಿಗೆ ಸುತ್ತಿದ್ದೇನೆ. ಕಾರಿನ ಡಿಕ್ಕಿ ಮೇಲೆತ್ತುವುದಕ್ಕೆ ಗ್ಯಾಸ್ ತುಂಬಿದ ಸಣ್ಣ ಕೊಳವೆ ಇರುತ್ತದಲ್ಲ, ಅಂಥದ್ದೇ ಒಂದನ್ನು ಇಲ್ಲಿ ಹಾಕಿದರೆ ಡೋರ್ ಮೆಲ್ಲಗೆ ಇಳಿಯುತ್ತದೆ. ಲಕ್ಷಗಟ್ಟಲೆಯ ಗಾಡಿಯಲ್ಲಿ ಅದೆಷ್ಟು ಖರ್ಚು?

ಬೀದಿಯವರ ಬೈಗುಳ ಪೂರ್ತಿ ನಿಂತಿಲ್ಲ ಅಂದೆನಲ್ಲ, ಅದೂ ಈ ಡೋರಿನದೇ. ಇಂಜಿನ್ ಸದ್ದು ಇದ್ದಾಗ ಬಾಡಿಯ ಲಟಲಟ ಯಾರಿಗೂ ಕೇಳಿಸುತ್ತಿರಲಿಲ್ಲ. ಈಗ ಗಾಡಿ ಬೆಕ್ಕಿನ ಹಾಗೆ ಹೋಗುತ್ತದೆ, ಡೋರ್ ಮಾತ್ರ ತಮಟೆ ಬಾರಿಸಿಕೊಂಡು ಹಿಂದೆ ಬರುತ್ತದೆ. ಲಾಕಿನ ಹತ್ತಿರ ಒಂದು ತುಂಡು ರಬ್ಬರ್ ಇದ್ದಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಹೀಗೆ ಡೋರ್ ಹುಚ್ಚು ಹಿಡಿದಿರುವಾಗಲೇ ಮಗಳ ಮನೆಗೆ ಅಮೆರಿಕಕ್ಕೆ ಹೋಗಬೇಕಾಗಿ ಬಂತು. ಮಿಷಿಗನ್ ರಾಜ್ಯ, ಡೆಟ್ರಾಯ್ಟ್ ಹತ್ತಿರ. ಕಾರಿನ ಊರು ಅದು. ಅಲ್ಲಿ ಬೀದಿಗೆ ಎರಡು ಮೂರು ಪಿಕಪ್ ಇದ್ದೇ ಇರುತ್ತವೆ. ಹೆಚ್ಚಿನವರು ಅದರಲ್ಲಿ ಏನೂ ಹೇರುವುದಿಲ್ಲ, ಸುಮ್ನೆ ಆಫೀಸಿಗೆ ಹೋಗಿ ಬರುತ್ತಾರೆ. ಅಳಿಯನ ಸ್ನೇಹಿತರೊಬ್ಬರು, ಹಾಸನದ ಕಡೆಯವರು, ಫೋರ್ಡ್ ಎಫ್-150 ಲೈಟ್ನಿಂಗ್ ಅನ್ನುವ ಎಲೆಕ್ಟ್ರಿಕ್ ಪಿಕಪ್ ಇಟ್ಟುಕೊಂಡಿದ್ದಾರೆ. 2022ರಿಂದ ಡಿಯರ್‌ಬಾರ್ನ್ ಅನ್ನುವ ಅಲ್ಲೇ ಪಕ್ಕದ ಊರಿನಲ್ಲಿ ತಯಾರಾದ ಗಾಡಿ. ಕನ್ನಡದವರೆಲ್ಲ ಸೇರಿ ಪಾರ್ಕಿನಲ್ಲಿ ಒಂದು ಭಾನುವಾರ ಊಟ ಇಟ್ಟುಕೊಂಡಿದ್ದರು. ಬಿಸಿಬೇಳೆ ಬಾತಿನ ಪಾತ್ರೆಗಳು ಅದೇ ಗಾಡಿಯಲ್ಲಿ ಬಂದವು. ಪಾತ್ರೆ ಇಳಿಸುವುದು ಅಂದರೆ ನನ್ನ ಕಸುಬು, ಸುಮ್ಮನೆ ನಿಲ್ಲೋಕಾಗುತ್ತಾ? ಹೋಗಿ ಕೈ ಹಾಕಿದೆ. ಆಮೇಲೆ ಎತ್ತರ ಅಳೆಯಲು ಟೇಪ್ ಕೇಳಿದೆ. ಅವರು ನಕ್ಕು, "ಟೇಪ್ ಯಾಕೆ ಅಂಕಲ್, ಡೋರ್ ಮೇಲೇ ಸ್ಕೇಲ್ ಇದೆ ನೋಡಿ" ಅಂದರು. ನಿಜವಾಗಿಯೂ ಇತ್ತು! ಇಳಿಸಿದ ಡೋರಿನ ಒಳಮೈ ಬಡಗಿಯ ಬೆಂಚಿನ ಹಾಗೆ. ಅಂಚಿನಲ್ಲಿ ಇಂಚಿನ ಗುರುತು, ಪೆನ್ಸಿಲ್ ಇಡಲು ಗುಂಡಿ, ಕಾಫಿ ಲೋಟಕ್ಕೆ ಗುಂಡಿ, ಮರದ ತುಂಡು ಅಲುಗದಂತೆ ಕ್ಲಾಂಪ್ ಹಿಡಿಸಲು ಸಂದು. ನಾನು ಡೋರನ್ನು ಎರಡು ಸಲ ಏರಿಸಿ ಇಳಿಸಿ ನೋಡುತ್ತಿದ್ದೆ. ಮಗಳು ಅಲ್ಲಿದ್ದವರಿಗೆಲ್ಲ, "ನಮ್ಮಪ್ಪ ನಯಾಗರ ನೋಡಿದಾಗಲೂ ಇಷ್ಟು ಖುಷಿ ಪಡಲಿಲ್ಲ" ಅಂತ ಹೇಳಿಕೊಂಡು ಓಡಾಡಿದಳು.

ಎತ್ತರ ಎಷ್ಟಿತ್ತು ಅಂದರೆ ಹತ್ತಿರ ಮೂರು ಅಡಿ. ನನ್ನ 81 ಸೆಂ.ಮೀ.ಗಿಂತಲೂ ಜಾಸ್ತಿ! ಅದಕ್ಕೆ ಡೋರಿನೊಳಗೇ ಮಡಚಿಟ್ಟ ಒಂದು ಮೆಟ್ಟಿಲು, ಹಿಡಿದುಕೊಂಡು ಹತ್ತಲು ಒಂದು ಕಂಬಿ. ಅಟ್ಟ ಎತ್ತರಕ್ಕೆ ಕಟ್ಟಿದ್ದೂ ಅವರೇ, ಏಣಿ ಕೊಟ್ಟಿದ್ದೂ ಅವರೇ. ಇನ್ನೊಂದು ತೊಂದರೆಯನ್ನೂ ಗಮನಿಸಿದೆ. ಅವರ ಡೋರ್ ತೆರೆದರೆ ಅಡ್ಡಕ್ಕೆ, ಮೇಜಿನ ಹಾಗೆ ನಿಲ್ಲುತ್ತದೆ. ಕೆಲಸ ಮಾಡಲು, ಊಟ ಬಡಿಸಲು ಅದು ಒಳ್ಳೆಯದೇ. ಆದರೆ ಒಳಗಿರುವ ಸಾಮಾನಿಗೂ ನಿಮಗೂ ನಡುವೆ ಎರಡಡಿ ಡೋರ್ ಅಡ್ಡ. ಬಗ್ಗಿ ಕೈ ಚಾಚಬೇಕು, ಚಾಚಿದ ಕೈಯಲ್ಲಿ ಭಾರ ಎತ್ತಬೇಕು. ಅದಕ್ಕೇ ಜಿಎಂಸಿ ಕಂಪನಿ ತನ್ನ ಹಮ್ಮರ್ ಎಲೆಕ್ಟ್ರಿಕ್ ಪಿಕಪ್ಪಿಗೆ ಡೋರಿನೊಳಗೆ ಇನ್ನೊಂದು ಡೋರ್ ಇಟ್ಟು, ನಡುವಿನ ಭಾಗ ಮಾತ್ರ ಕೆಳಗೆ ಮಡಚುವಂತೆ ಮಾಡಿದೆ, ಜನ ಹತ್ತಿರ ಬರಲಿ ಅಂತ. ನಮ್ಮ ಗಾಡಿಗಳಲ್ಲಿ ಡೋರ್ ನೇರ ಕೆಳಕ್ಕೆ ಜೋತುಬೀಳುತ್ತದೆ, ಹಲಗೆಯ ಅಂಚಿಗೆ ಹೊಟ್ಟೆ ತಾಗುವ ತನಕ ಹೋಗಬಹುದು. ಈ ವಿಷಯದಲ್ಲಿ ನಮ್ಮದೇ ಮೇಲು, ಅದನ್ನು ಬಿಡಬೇಡಿ. ಎರಡು ಚೈನ್ ಕೊಟ್ಟರೆ ಬೇಕಾದಾಗ ಕೊಂಡಿಗೆ ಸಿಕ್ಕಿಸಿ ಮೇಜಿನ ಹಾಗೂ ನಿಲ್ಲಿಸಿಕೊಳ್ಳಬಹುದು. ಹಳೇ ಲಾರಿಗಳಲ್ಲೆಲ್ಲ ಚೈನ್ ಇರುತ್ತಿತ್ತು. ಈಗಿನವಕ್ಕೆ ಏನಾಯಿತೋ ಗೊತ್ತಿಲ್ಲ.

ಅಲ್ಲಿ ನನಗೆ ನಿಜವಾಗಿ ಹೊಟ್ಟೆಕಿಚ್ಚು ಆಗಿದ್ದು ಬಾಡಿಯ ಗೋಡೆಯಲ್ಲಿದ್ದ ಪ್ಲಗ್ ಪಾಯಿಂಟುಗಳನ್ನು ನೋಡಿ. ಅಮೆರಿಕದ ಮಾಮೂಲಿ 120 ವೋಲ್ಟಿನವು ನಾಲ್ಕು, 240ರದ್ದು ಒಂದು. ಮುಂದೆ ಇಂಜಿನ್ ಇರಬೇಕಾದ ಜಾಗದಲ್ಲಿ 400 ಲೀಟರಿನ ಡಿಕ್ಕಿ, ನೀರು ಬಿಡಲು ಬುಡದಲ್ಲಿ ತೂತು ಸಮೇತ. ಅಲ್ಲೂ ನಾಲ್ಕು ಪ್ಲಗ್. ದೊಡ್ಡ ಮಾಡೆಲ್‌ನಲ್ಲಿ ಎಲ್ಲ ಸೇರಿ 9.6 ಕಿಲೋವ್ಯಾಟ್ ತನಕ ಎಳೆಯಬಹುದು. ಆ ದಿನ ಎರಡು ದೊಡ್ಡ ರೈಸ್ ಕುಕ್ಕರ್ ಮತ್ತು ಮೈಕ್ ಸೆಟ್ ಆ ಗಾಡಿಯಿಂದಲೇ ಓಡಿತು. ಸದ್ದಿಲ್ಲ, ಹೊಗೆಯಿಲ್ಲ. ನಮ್ಮಲ್ಲಿ ಹಳ್ಳಿಯ ಕಡೆ ಹೊಲದಲ್ಲಿ ಪೆಂಡಾಲ್ ಹಾಕಿದರೆ ಜನರೇಟರ್ ಬೇಕೇ ಬೇಕು. ಅದನ್ನು ಎಷ್ಟು ದೂರ ಇಟ್ಟರೂ ಪುರೋಹಿತರು ಮಂತ್ರ ಹೇಳುವುದು ಜನರೇಟರಿನ ತಾಳಕ್ಕೇ.

ಆದರೆ ಲೆಕ್ಕವೂ ಗೊತ್ತಿರಬೇಕು. ಲೈಟ್ನಿಂಗ್‌ನ ಬ್ಯಾಟರಿ ಸಣ್ಣದರಲ್ಲೇ 98 ಯೂನಿಟ್ ಹಿಡಿಯುತ್ತದೆ. ನಮ್ಮಲ್ಲಿ 2022ರಲ್ಲಿ ಬಂದ ಟಾಟಾ ಏಸ್ ಇವಿಯ, ಅಂದರೆ ಎಲೆಕ್ಟ್ರಿಕ್ ಏಸ್‌ನ, ಬ್ಯಾಟರಿ 21.3 ಯೂನಿಟ್, 2025ರಲ್ಲಿ ಬಂದ ಏಸ್ ಪ್ರೊ ಇವಿಯದು 14.4. ಅಂಥ ಗಾಡಿಯಿಂದ ರೈಸ್ ಕುಕ್ಕರ್ ಓಡಿಸಲು ಹೋದರೆ ವಾಪಸ್ ಬರುವಾಗ ಗಾಡಿಯನ್ನು ನಾವೇ ತಳ್ಳಿಕೊಂಡು ಬರಬೇಕಾಗುತ್ತದೆ. ನಾನು ಕೇಳುವುದು ಅಷ್ಟಲ್ಲ. ಎಲ್‌ಇಡಿ ಸೀರಿಯಲ್ ಸೆಟ್ಟು ಮತ್ತು ಸಣ್ಣ ಮೈಕಿಗೆ 300 ವ್ಯಾಟ್ ಸಾಕು. ಐದು ಗಂಟೆ ಓಡಿದರೆ ಒಂದೂವರೆ ಯೂನಿಟ್. ಏಸ್ ಪ್ರೊಗೆ ಕಂಪನಿ ಹೇಳುವುದು 155 ಕಿಲೋಮೀಟರ್, ಆ ಲೆಕ್ಕದಲ್ಲಿ ಒಂದೂವರೆ ಯೂನಿಟ್ ಅಂದರೆ ಹದಿನಾರು ಕಿಲೋಮೀಟರ್ ಓಟ. ಅಷ್ಟು ಬಿಟ್ಟುಕೊಡಲು ನಾನು ತಯಾರು. ಬಾಡಿಯ ಪಕ್ಕ ಮುಚ್ಚಳ ಇರುವ ಒಂದೇ ಒಂದು 230 ವೋಲ್ಟಿನ ಪ್ಲಗ್ ಕೊಡಿ. ಎಳನೀರು ಮಾರುವವನು, ಚಾಟ್ ಗಾಡಿಯವನು, ಡ್ರಿಲ್ ಹಿಡಿದು ಓಡಾಡುವ ಅಲ್ಯೂಮಿನಿಯಂ ಕೆಲಸದವನು, ಎಲ್ಲರೂ ಖುಷಿಯಾಗಿ ತಗೋತಾರೆ.

ಬೇರೆ ಕಂಪನಿಗಳದ್ದೂ ಮೂರು ತಿಂಗಳು ಅಲ್ಲಿ ಇಲ್ಲಿ ನಿಂತು ನೋಡಿದೆ. ರಿವಿಯನ್ ಅನ್ನುವ ಪಿಕಪ್ಪಿನಲ್ಲಿ ಕ್ಯಾಬಿನ್ನಿಗೂ ಬಾಡಿಗೂ ನಡುವೆ ಈ ಕಡೆಯಿಂದ ಆ ಕಡೆಗೆ ಒಂದು ಸುರಂಗ ಇದೆ. ಅದರ ಪುಟ್ಟ ಬಾಗಿಲು ಇಳಿಸಿದರೆ ಅದರ ಮೇಲೆ ಕೂತು ಶೂ ಹಾಕಿಕೊಳ್ಳಬಹುದು. ಟೆಸ್ಲಾ ಸೈಬರ್‌ಟ್ರಕ್ಕಿಗೆ ಅಂಗಡಿಯ ಶಟರ್ ಹಾಗೆ ಮುಚ್ಚಿಕೊಳ್ಳುವ ಹೊದಿಕೆ. ಮಳೆಗಾಲದಲ್ಲಿ ಟಾರ್ಪಾಲ್ ಕಟ್ಟಿ ಬೇಸತ್ತವರಿಗೆ ಇಂಥದ್ದು ಸಿಕ್ಕಿದರೆ ಚೆನ್ನ, ಆದರೆ ಮೋಟರ್ ಕೆಟ್ಟರೆ ಗತಿ ಏನು? ನಮಗೆ ಟಾರ್ಪಾಲೇ ಇರಲಿ.

ಒಂದು ಮಾತ್ರ ಮರೆಯಲು ಆಗುತ್ತಿಲ್ಲ. ಷೆವರ್ಲೆ ಸಿಲ್ವೆರಾಡೋ ಎಲೆಕ್ಟ್ರಿಕ್ಕಿನ ಬಾಡಿ ಆರಡಿಗೆ ಒಂದು ಇಂಚು ಕಮ್ಮಿ. ಆದರೆ ಕ್ಯಾಬಿನ್ನಿನ ಹಿಂಗೋಡೆಯನ್ನೇ ಹಿಂದಿನ ಸೀಟಿನ ಜೊತೆ ಮುಂದಕ್ಕೆ ಮಡಚಿ, ಹಿಂದಿನ ಡೋರನ್ನೂ ಇಳಿಸಿದರೆ ಹತ್ತಿರ ಹನ್ನೊಂದು ಅಡಿ ಉದ್ದದ ಸಾಮಾನು ಹಿಡಿಯುತ್ತದೆ. ಈ ಉಪಾಯ ಹೊಸದೇನಲ್ಲ, ಅದೇ ಕಂಪನಿಯ ಹಳೇ ಅವಲಾಂಚ್ ಪೆಟ್ರೋಲ್ ಪಿಕಪ್ಪಿನಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಇತ್ತಂತೆ. ನನ್ನ ಶಾಮಿಯಾನದ ಪೈಪು ಹತ್ತು ಅಡಿ. ನನ್ನ ಗಾಡಿಯ ಬಾಡಿ ಏಳು ಅಡಿ. ಉಳಿದ ಮೂರಡಿ ಹಿಂದೆ ಚಾಚಿಕೊಂಡಿರುತ್ತದೆ, ತುದಿಗೆ ಕೆಂಪು ಬಟ್ಟೆ. ಡೋರ್ ಇಳಿಬಿಟ್ಟರೆ ನಂಬರ್ ಪ್ಲೇಟ್ ಮುಚ್ಚಿಹೋಗುತ್ತದೆ, ಅದಕ್ಕೊಂದು ಕೇಸು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಸಾಮಾನು ಮಿತಿ ಮೀರಿ ಬಾಡಿಯಿಂದ ಹೊರಗೆ ಚಾಚಿದರೆ ಆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ. ಕಾನೂನು ಸರಿಯಾಗಿಯೇ ಇದೆ. ಹಿಂದೆ ಬರುವ ಬೈಕಿನವನ ಎದೆಗೆ ಪೈಪು ಚುಚ್ಚಿದರೆ ಕೆಂಪು ಬಟ್ಟೆ ಕಾಪಾಡುತ್ತಾ? ಆದರೆ ದಾರಿಯನ್ನೂ ಕೊಡಬೇಕಲ್ಲ. ನಮ್ಮ ಗಾಡಿಗಳಿಗೆ ಗೋಡೆ ಮಡಚುವ ಶೋಕಿ ಬೇಡ. ಕ್ಯಾಬಿನ್ ಮೇಲೆ ಪೈಪು, ಏಣಿ ಇಡಲು ಗಟ್ಟಿಯಾದ ಒಂದು ಸ್ಟ್ಯಾಂಡನ್ನು ಕಂಪನಿಯೇ ಕೂರಿಸಿ ಕೊಡಲಿ, ಪೈಪಿನ ತುದಿ ಮುಂದೆಯೂ ಹಿಂದೆಯೂ ಗಾಡಿಯ ಉದ್ದದೊಳಗೇ ಇರುವ ಹಾಗೆ. ನಾನು ಹಿಂದೆ ವೆಲ್ಡರ್ ಹತ್ತಿರ ಮಾಡಿಸಿಕೊಂಡಿದ್ದೆ ಅಂದೆನಲ್ಲ, ಅದೇ. ಈಗ ಮಾಡಿಸುವ ಹಾಗಿಲ್ಲ.

ಇದೆಲ್ಲ ಹೀಗೆ ಯಾಕಾಯಿತು ಅಂತ ನನಗೆ ಒಂದು ಅನುಮಾನ ಇದೆ. ನಮ್ಮಲ್ಲಿ ಎಲೆಕ್ಟ್ರಿಕ್ ಸಣ್ಣ ಗಾಡಿಗಳನ್ನು ಮೊದಲು ನೂರಾರು, ಸಾವಿರಾರು ಲೆಕ್ಕದಲ್ಲಿ ಕೇಳಿದವರು ಆನ್‌ಲೈನ್ ಸಾಮಾನು ಹಂಚುವ ಕಂಪನಿಗಳು. ಏಸ್ ಇವಿ ಬಂದದ್ದೇ 208 ಘನ ಅಡಿಯ ಮುಚ್ಚಿದ ಪೆಟ್ಟಿಗೆ ಹೊತ್ತುಕೊಂಡು. ಪಾರ್ಸೆಲ್ ಹಂಚುವವರಿಗೆ ಅದು ಸರಿಯಾಗಿಯೇ ಇದೆ. ರಟ್ಟಿನ ಡಬ್ಬ ಹಗುರ, ಒಬ್ಬ ಒಂದು ಕೈಯಲ್ಲಿ ಎತ್ತಿ ಒಳಗೆ ಎಸೆಯಬಹುದು, ಹಲಗೆ 80 ಇದ್ದರೇನು 90 ಇದ್ದರೇನು. ಕೊಂಡಿ ಬೇಡ, ಚೈನ್ ಬೇಡ. ಆಮೇಲೆ ಅದೇ ಅಳತೆಯಲ್ಲಿ ಪೆಟ್ಟಿಗೆ ತೆಗೆದು ತೆರೆದ ಬಾಡಿ ಕೂರಿಸಿ ನಮಗೆ ಮಾರಿದರು. ಸಿಲಿಂಡರಿನವನು, ಪ್ಲೈವುಡ್ಡಿನವನು, ತರಕಾರಿಯವನು, ನನ್ನಂಥ ಪಾತ್ರೆಯವನು ಹೇಗೆ ಹೇರುತ್ತಾನೆ ಅಂತ ಯಾರೂ ಬಂದು ನಿಂತು ನೋಡಿಲ್ಲ.

ವೆಲ್ಡಿಂಗ್ ಬೇಡ ಅನ್ನುವುದಾದರೆ ಬೇಡ, ಒಪ್ಪುತ್ತೇನೆ. ಅದರ ಬದಲು ಬಾಡಿಯ ಒಳಗೋಡೆಯಲ್ಲಿ ಗೇಣಿಗೊಂದರ ಹಾಗೆ ಬೋಲ್ಟ್ ತಿರುಗಿಸಿ ಕೂರಿಸಲು ಥ್ರೆಡ್ ಇರುವ ತೂತು ಮಾಡಿಯೇ ಕಳಿಸಿ. ಕೊಂಡಿ ಬೇಕಾದವನು ಕೊಂಡಿ ತಿರುಗಿಸಿಕೊಳ್ಳುತ್ತಾನೆ, ಪಂಜರ ಬೇಕಾದವನು ಪಂಜರ ಕೂರಿಸಿಕೊಳ್ಳುತ್ತಾನೆ, ಯಾರ ವೈರಿಗೂ ಏನೂ ಆಗುವುದಿಲ್ಲ. ಯಾವ ಜಾಗದಲ್ಲಿ ಕೊರೆಯಬಹುದು, ಯಾವ ಜಾಗದಲ್ಲಿ ಮುಟ್ಟಬಾರದು ಅಂತ ಒಂದು ಚಿತ್ರವನ್ನು ಗಾಡಿಯ ಜೊತೆ ಕೊಟ್ಟರೆ ನಮ್ಮೂರ ವೆಲ್ಡರೂ ಬದುಕಿಕೊಳ್ಳುತ್ತಾನೆ. ಲೈಟ್ನಿಂಗ್‌ನಲ್ಲಿ ಇನ್ನೊಂದು ಅನುಕೂಲ ಇತ್ತು. ಎಷ್ಟು ಭಾರ ಹೇರಿದ್ದೀರಿ ಅಂತ ಗಾಡಿಯೇ ಅಂದಾಜು ಮಾಡಿ ಹಿಂದಿನ ಲೈಟಿನಲ್ಲಿ ಮೊಬೈಲ್ ಚಾರ್ಜಿನ ಹಾಗೆ ಗೆರೆ ಗೆರೆಯಾಗಿ ತೋರಿಸುತ್ತದೆ. 750 ಕೆ.ಜಿ. ಹೊರುವ ಗಾಡಿಗೆ ಒಂದು ಟನ್ ಹೇರಿ, ಆಮೇಲೆ ಚಾರ್ಜ್ ನಿಲ್ಲುತ್ತಿಲ್ಲ ಅಂತ ಕಂಪನಿಯನ್ನು ಬೈಯುವ ನಮ್ಮವರಿಗೆ ಇದು ಮೊದಲು ಬೇಕು.

ನಿಮ್ಮಲ್ಲಿ ಕೇಳುವುದು ಸಣ್ಣ ವಿಷಯ. ಮುಂದಿನ ಸಲ ಗೂಡ್ಸ್ ಗಾಡಿ ಬಗ್ಗೆ ಬರೆಯುವಾಗ ಹಲಗೆಯ ಎತ್ತರ ಖಾಲಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು ಅಂತ ಬರೆಯಿರಿ. ಡೋರ್ ಒಬ್ಬನೇ ತೆಗೆಯಬಹುದಾ, ಎಷ್ಟು ಕಡೆ ಇಳಿಯುತ್ತದೆ, ಕೊಂಡಿ ಒಳಗಿವೆಯಾ ಹೊರಗಿವೆಯಾ, ನೀರು ಎಲ್ಲಿಂದ ಹೋಗುತ್ತದೆ ಅಂತ ಬರೆಯಿರಿ. ವಾರಂಟಿ ಹೋಗದ ಹಾಗೆ ಬಾಡಿಯಲ್ಲಿ ಏನೇನು ಕೂರಿಸಬಹುದು ಅಂತ ಕಂಪನಿಯವರ ಬಾಯಿಂದಲೇ ಹೇಳಿಸಿ. ಸ್ಕ್ರೀನಿನ ಇಂಚು ಬಿಟ್ಟರೂ ಪರವಾಗಿಲ್ಲ, ಅಷ್ಟು ಜಾಗ ಉಳಿಯುತ್ತದೆ.

ಗಾಡಿ ಓಡಿಸಿ ನೋಡಲು ನಿಮ್ಮ ವರದಿಗಾರರಿಗೆ ಕಂಪನಿಯವರು ಒಂದು ದಿನ ಕೊಡುತ್ತಾರಲ್ಲ, ಆ ದಿನ ಬೆಂಗಳೂರಿನಿಂದ ತುಮಕೂರಿಗೆ ಬಂದುಬಿಡಲಿ. ಎಪ್ಪತ್ತು ಕಿಲೋಮೀಟರ್, ಚಾರ್ಜ್ ಸಾಕಾಗುತ್ತದೆ. ತುಂಬಿದ ಸಿಲಿಂಡರ್ ಎರಡು, ಗ್ರೈಂಡರ್ ಒಂದು, ನೂರು ಜನರ ಅಡುಗೆ ಕೊಪ್ಪರಿಗೆ ಒಂದು ಹೊರಗಿಟ್ಟಿರುತ್ತೇನೆ. ನಮ್ಮ ಹುಡುಗರು ಆ ದಿನ ಮುಟ್ಟುವುದಿಲ್ಲ, ಅವರೇ ಹೇರಲಿ, ಅವರೇ ಇಳಿಸಲಿ. ಊಟ ನಮ್ಮ ಮನೆಯಲ್ಲಿ.

ಇಂತಿ ನಿಮ್ಮ ಓದುಗ,
ಶಾಮಿಯಾನ ಅಂಗಡಿಯವನು,
ತುಮಕೂರು